ಊರಿನ ಹೆಸರು ಹೊತ್ತ ನೋಟು

ಏಳು ವರ್ಷಗಳ ಹಿಂದೆ ಕಚೇರಿಯ ಕೆಲಸದ ಮೇಲೆ ಪುಣೆಯಿಂದ ಮುಂಬೈಗೆ ಹೋಗಿದ್ದಾಗ, ಹಳೆಯ ನಾಣ್ಯ ಮತ್ತು ನೋಟುಗಳ ಪ್ರದರ್ಶನವೊಂದಕ್ಕೆ ಕಾಲಹರಣಕ್ಕೆಂದು ಹೊಕ್ಕಿದ್ದೆ. ವಿದೇಶಿ ನೋಟುಗಳ ತಟ್ಟೆಯೊಂದರಲ್ಲಿ ಹತ್ತು ಡಾಲರಿನ ಒಂದು ನೋಟು ಕಂಡಿತು. ಈಗಿನ ಡಾಲರಿಗಿಂತ ಅಗಲ, ಉದ್ದ ಎರಡರಲ್ಲೂ ದೊಡ್ಡದು. ಎಡಕ್ಕೆ ಅಧ್ಯಕ್ಷ ಮೆಕಿನ್ಲಿಯ ಚಿತ್ರ, ಬಲಕ್ಕೆ ನೀಲಿ ಮೊಹರು. ಇವೆಲ್ಲ ಸರಿಯೇ. ಆದರೆ ನೋಟಿನ ನಟ್ಟನಡುವೆ, ದೇಶದ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ, ಅಯೋವಾ ರಾಜ್ಯದ ಒಂದು ಹಳ್ಳಿಯ ಬ್ಯಾಂಕಿನ ಹೆಸರಿತ್ತು. ಕೆಳಗೆ ಆ ಬ್ಯಾಂಕಿನ ಕ್ಯಾಷಿಯರನೂ ಅಧ್ಯಕ್ಷನೂ ಶಾಯಿಯಲ್ಲಿ ಮಾಡಿದ ಸಹಿಗಳು. ಅಧ್ಯಕ್ಷನ ಸಹಿ ಮಾಸಿ ಕಂದು ಗೀರಾಗಿತ್ತು. ಕ್ಯಾಷಿಯರನದು ಇನ್ನೂ ಕಪ್ಪಾಗಿಯೇ ಇತ್ತು.

ಒಂದು ದೇಶದ ಅಧಿಕೃತ ನೋಟಿನ ಮೇಲೆ ಒಂದು ಹಳ್ಳಿಯ ಹೆಸರು! ನಮ್ಮ ನೋಟಿನ ಭಾಷಾ ಪಟ್ಟಿಯಲ್ಲಿ ನಾಲ್ಕನೆಯದಾಗಿ ಬರುವ ಕನ್ನಡದ ಸಾಲನ್ನು ಹೊರನಾಡಿನ ಅಂಗಡಿಗಳಲ್ಲಿ ಕಣ್ಣಾಡಿಸಿ ಹುಡುಕುವ ಚಟ ನಮ್ಮಲ್ಲಿ ಅನೇಕರಿಗಿದೆ. ಅಂಥ ಚಟವಿರುವವನಿಗೆ ಈ ನೋಟು ಸುಮ್ಮನೆ ಬಿಟ್ಟುಬರುವಂಥದಲ್ಲ. ಕೊಂಡೆ. ಬೆಲೆಯನ್ನು ಮನೆಯಲ್ಲಿ ಅರ್ಧ ಮಾತ್ರ ಹೇಳಿದೆ. ಊರಿನ ಹೆಸರನ್ನು ಇಲ್ಲಿಯೂ ಬರೆಯುತ್ತಿಲ್ಲ. ಸಹಿ ಮಾಡಿದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿ ಇದ್ದಾರು.

ಈ ಬಗೆಯ ನೋಟುಗಳಿಗೆ ಅಮೆರಿಕದಲ್ಲಿ ‘ನ್ಯಾಷನಲ್ ಬ್ಯಾಂಕ್ ನೋಟ್’ ಎಂದು ಹೆಸರು. 1863ರಿಂದ 1935ರವರೆಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಬ್ಯಾಂಕುಗಳು ಇವನ್ನು ಹೊರಡಿಸಿದವು. ನ್ಯೂಯಾರ್ಕಿನ ದೈತ್ಯ ಬ್ಯಾಂಕುಗಳಿಂದ ಹಿಡಿದು ಒಂದೇ ಬೀದಿಯ ಊರುಗಳ ಬ್ಯಾಂಕುಗಳವರೆಗೆ. ಈ ಸಣ್ಣ ಊರುಗಳ ನೋಟುಗಳನ್ನು ಹುಡುಕಿ ಕೂಡಿಡುವ ಒಂದು ಪಂಗಡವೇ ಅಲ್ಲಿದೆ. ತಮ್ಮ ಜಿಲ್ಲೆಯ ಒಂದೊಂದು ಊರಿನದೂ ಒಂದೊಂದು ನೋಟು ಸಿಗಬೇಕೆಂದು ಇಡೀ ಆಯುಷ್ಯ ಕಳೆದವರಿದ್ದಾರೆ.

ಈ ವ್ಯವಸ್ಥೆ ಹುಟ್ಟಿದ್ದು ಒಂದು ಗೊಂದಲದ ಮಗ್ಗುಲಲ್ಲಿ. ಅಂತರ್ಯುದ್ಧಕ್ಕೆ ಮುಂಚೆ ಅಮೆರಿಕದ ಕೇಂದ್ರ ಸರ್ಕಾರ ದಿನಬಳಕೆಯ ನೋಟುಗಳನ್ನು ಅಚ್ಚು ಹಾಕಿಸುತ್ತಿರಲಿಲ್ಲ. ಆಯಾ ರಾಜ್ಯಗಳ ಪರವಾನಗಿ ಪಡೆದ ಖಾಸಗಿ ಬ್ಯಾಂಕುಗಳು ತಮತಮಗೆ ತೋಚಿದ ಚಿತ್ರ, ತೋಚಿದ ಬಣ್ಣದಲ್ಲಿ ನೋಟು ಹೊರಡಿಸುತ್ತಿದ್ದವು. ಮೂರು ಡಾಲರಿನ ನೋಟು ಕೂಡ ಆಗ ಚಲಾವಣೆಯಲ್ಲಿತ್ತು. ಸಾವಿರಾರು ಬಗೆಯ ಅಸಲಿ ನೋಟುಗಳು, ಅವುಗಳ ಬೆನ್ನಿಗೆ ಸಾವಿರಾರು ಬಗೆಯ ಖೋಟಾ ನೋಟುಗಳು. ಅಂಗಡಿಯವನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ‘ಖೋಟಾ ಪತ್ತೆ’ ಪತ್ರಿಕೆಯೊಂದನ್ನು ಇಟ್ಟುಕೊಂಡು, ಗಿರಾಕಿ ಕೊಟ್ಟ ಪ್ರತಿಯೊಂದು ನೋಟನ್ನೂ ಅದರೊಡನೆ ತಾಳೆ ನೋಡಬೇಕಾಗಿತ್ತು. ದೂರದ ಊರಿನ ಬ್ಯಾಂಕಿನ ನೋಟಾದರೆ ಬಟ್ಟಾ ಕಳೆದು ತೆಗೆದುಕೊಳ್ಳುವುದು ವಾಡಿಕೆ. ಮಿಶಿಗನ್ ರಾಜ್ಯದ ತನಿಖಾಧಿಕಾರಿಗಳು 1830ರ ದಶಕದ ಕೊನೆಯಲ್ಲಿ ಬ್ಯಾಂಕುಗಳಿಗೆ ಹೋದಾಗ, ಮೇಲೊಂದು ಪದರ ನಾಣ್ಯ, ಕೆಳಗೆಲ್ಲ ಮೊಳೆ ತುಂಬಿದ ಪೆಟ್ಟಿಗೆಗಳನ್ನು ಕಂಡರಂತೆ. ಒಂದೇ ಪೆಟ್ಟಿಗೆ ಅಧಿಕಾರಿಗಳಿಗಿಂತ ಮುಂದಾಗಿ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಪಯಣಿಸುತ್ತಿತ್ತಂತೆ. ಇಂಥ ಕಥೆಗಳು ಮೋಜಿನವು ಎಂಬ ಕಾರಣಕ್ಕೇ ಹೆಚ್ಚು ಉಳಿದುಕೊಂಡಿವೆ. ಆ ಕಾಲದ ಬಹುಪಾಲು ಬ್ಯಾಂಕುಗಳು ಪ್ರಾಮಾಣಿಕವಾಗಿಯೇ ನಡೆದವೆಂದು ಇತ್ತೀಚಿನ ಆರ್ಥಿಕ ಇತಿಹಾಸಕಾರರು ತೋರಿಸಿದ್ದಾರೆ. ಆದರೆ ಕೈಗೆ ಬಂದ ಕಾಗದ ಹಣವೋ ಅಲ್ಲವೋ ಎಂಬ ಅನುಮಾನ ಮಾತ್ರ ನಿತ್ಯದ್ದಾಗಿತ್ತು.

ಇಂಗ್ಲಿಷ್ ಎಂ.ಎ. ಓದುವಾಗ ನಮ್ಮ ಪಠ್ಯದಲ್ಲಿ ಮೆಲ್ವಿಲ್‌ನ ತಿಮಿಂಗಿಲವಿತ್ತು. ಅವನ ‘ದಿ ಕಾನ್ಫಿಡೆನ್ಸ್ ಮ್ಯಾನ್’ ಇರಲಿಲ್ಲ. 1857ರಲ್ಲಿ ಬಂದ ಆ ಕಾದಂಬರಿಯ ಕಡೆಯ ಅಧ್ಯಾಯವನ್ನು ನಾನು ಓದಿದ್ದು ಈ ನೋಟಿನ ಹಿಂದೆ ಬಿದ್ದ ಮೇಲೆ. ಮಿಸಿಸಿಪ್ಪಿಯ ಹಬೆದೋಣಿಯಲ್ಲಿ, ನಡುರಾತ್ರಿಯ ದೀಪದ ಕೆಳಗೆ, ಒಬ್ಬ ಮುದುಕ ಖೋಟಾ ಪತ್ತೆ ಪತ್ರಿಕೆಯನ್ನು ಹಿಡಿದು ತನ್ನ ಮೂರು ಡಾಲರಿನ ನೋಟಿನಲ್ಲಿ ಒಂದು ಬಾತುಕೋಳಿಯ ಚಿತ್ರಕ್ಕಾಗಿ ಹುಡುಕುತ್ತಾನೆ. ನೋಟು ಅಸಲಿಯಾದರೆ ಸೂಕ್ಷ್ಮವಾದ ಬಾತುಕೋಳಿ ಇರಲೇಬೇಕೆಂದು ಪತ್ರಿಕೆ ಹೇಳಿದೆ. ಅವನಿಗೆ ಅದು ಕಾಣುವುದಿಲ್ಲ. ಪಕ್ಕದಲ್ಲಿರುವ ವಂಚಕನಿಗೆ ಮಾತ್ರ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ! ನನಗೆ ಆ ಮುದುಕನ ಮೇಲೆ ನಗು ಬರಲಿಲ್ಲ. ಐನೂರರ ನೋಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುವ ನಮ್ಮ ತರಕಾರಿ ಅಂಗಡಿಯವರು ನೆನಪಾದರು.

ಯುದ್ಧ ಈ ಗೊಂದಲಕ್ಕೆ ಕೊನೆ ಹಾಡಿತು. ಲಿಂಕನ್ನನ ಖಜಾನೆ ಕಾರ್ಯದರ್ಶಿ ಸಾಲ್ಮನ್ ಚೇಸ್‌ಗೆ ಎರಡು ಕೆಲಸ ಒಟ್ಟಿಗೆ ಆಗಬೇಕಿತ್ತು: ಯುದ್ಧಕ್ಕೆ ಸಾಲ ಸಿಗಬೇಕು, ದೇಶಕ್ಕೆ ಒಂದೇ ಬಗೆಯ ನೋಟು ಬೇಕು. 1863ರ ಫೆಬ್ರವರಿ 25ರಂದು ಜಾರಿಗೆ ಬಂದು, ಮರುವರ್ಷ ಜೂನ್ 3ರಂದು ತಿದ್ದಿ ಬರೆಯಲಾದ ಕಾಯಿದೆ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. ಹಣವಂತರು ಕೆಲವರು ಸೇರಿ ಬ್ಯಾಂಕು ತೆರೆಯಬಹುದು. ಕೇಂದ್ರದಿಂದ ಸನ್ನದು ಪಡೆಯಬಹುದು. ಸರ್ಕಾರದ ಬಾಂಡುಗಳನ್ನು ಕೊಂಡು ವಾಷಿಂಗ್ಟನ್ನಿನಲ್ಲಿ ಅಡವಿಟ್ಟರೆ, ನೂರು ಡಾಲರಿನ ಬಾಂಡಿಗೆ ತೊಂಬತ್ತು ಡಾಲರಿನ ನೋಟು ಸಿಗುತ್ತದೆ. ಬಾಂಡಿನ ಬಡ್ಡಿ ಬ್ಯಾಂಕಿಗೆ ಬರುತ್ತಲೇ ಇರುತ್ತದೆ. ನೋಟನ್ನು ಸಾಲ ಕೊಟ್ಟರೆ ಅದರ ಬಡ್ಡಿಯೂ ಬರುತ್ತದೆ. ಬ್ಯಾಂಕು ಮುಳುಗಿದರೂ ನೋಟು ಮುಳುಗುವುದಿಲ್ಲ, ಏಕೆಂದರೆ ಅದರ ಬೆನ್ನಿಗೆ ಸರ್ಕಾರವಿದೆ. ಹಳೆಯ ರಾಜ್ಯ ಬ್ಯಾಂಕುಗಳ ನೋಟುಗಳಿಗೆ ಶೇಕಡಾ ಹತ್ತರ ತೆರಿಗೆ ಹಾಕಿ ಅವನ್ನು ಬದುಕಗೊಡದಂತೆ ಮಾಡಲಾಯಿತು.

ಸನ್ನದು ಸಂಖ್ಯೆ ಒಂದು ಫಿಲಡೆಲ್ಫಿಯಾದ ಬ್ಯಾಂಕಿಗೆ ಸಂದಿತು. ಆದರೆ ಎಲ್ಲರಿಗಿಂತ ಮೊದಲು, 1863ರ ಜೂನ್ 29ರಂದು, ಬಾಗಿಲು ತೆರೆದದ್ದು ಅಯೋವಾದ ಡೇವನ್‌ಪೋರ್ಟ್ ಊರಿನ ಬ್ಯಾಂಕು. ಅಮೆರಿಕದ ಊರೂರಿನಲ್ಲೂ ‘ಫಸ್ಟ್ ನ್ಯಾಷನಲ್ ಬ್ಯಾಂಕ್’ ಎಂಬ ಹೆಸರೇ ಏಕೆ ಎಂದು ನಾನು ಹಿಂದೆ ಅಚ್ಚರಿಪಡುತ್ತಿದ್ದೆ. ಅದು ಯಾರದೋ ಜಂಬವಲ್ಲ, ಚೇಸ್‌ನ ಕಚೇರಿಯ ಪದ್ಧತಿ: ಮೊದಮೊದಲು ಬ್ಯಾಂಕುಗಳು ಆಯಾ ಊರಿನಲ್ಲಿ ಮೊದಲನೆಯದು, ಎರಡನೆಯದು ಎಂದು ಸಂಖ್ಯೆಯ ಹೆಸರನ್ನೇ ಇಟ್ಟುಕೊಳ್ಳಬೇಕೆಂದು ಅಲ್ಲಿ ಒತ್ತಾಯವಿತ್ತು. ಹಳೆಯ ಬ್ಯಾಂಕುಗಳಿಗೆ ತಮ್ಮ ಹೆಸರು ಕಳೆದುಕೊಳ್ಳುವುದು ಅವಮಾನವೆನಿಸಿ, ಸನ್ನದು ಪಡೆಯಲು ಅವು ಹಿಂದೆಮುಂದೆ ನೋಡಿದವು. ಮುಂದೆ ಆ ಬಿಗಿ ಸಡಿಲಿಸಿ, ಹಳೆಯ ಹೆಸರಿನ ನಡುವೆ ‘ನ್ಯಾಷನಲ್’ ಎಂಬ ಮಾತು ಸೇರಿಸಿಕೊಂಡರೆ ಸಾಕೆಂದು ಬಿಡಲಾಯಿತು. ಕಡತ ನಡೆಸುವವರಿಗೆ ಹೆಸರಿಗಿಂತ ಸಂಖ್ಯೆ ಅನುಕೂಲ. ಈ ವೃತ್ತಿಯಲ್ಲಿರುವ ನಾನು ಇದನ್ನು ಒಪ್ಪಿಕೊಳ್ಳಲೇಬೇಕು.

ನೋಟು ಜನ್ಮ ತಾಳುತ್ತಿದ್ದ ಬಗೆ ನನಗೆ ಎಲ್ಲಕ್ಕಿಂತ ಪ್ರಿಯ. ವಾಷಿಂಗ್ಟನ್ನಿನಿಂದ ನೋಟುಗಳು ಹಾಳೆಗಟ್ಟಲೆ ಬರುತ್ತಿದ್ದವು, ಸಾಮಾನ್ಯವಾಗಿ ಒಂದು ಹಾಳೆಗೆ ನಾಲ್ಕು. ನನ್ನ ನೋಟಿನ ಜಾತಿಯದಾದರೆ ಹತ್ತು ಡಾಲರಿನ ಮೂರು, ಇಪ್ಪತ್ತರದು ಒಂದು. ಖಜಾನೆಯ ಅಧಿಕಾರಿಗಳ ಸಹಿಗಳು ಅಚ್ಚಾಗಿಯೇ ಬರುತ್ತಿದ್ದವು. ಬ್ಯಾಂಕಿನ ಸಹಿಯ ಜಾಗ ಮಾತ್ರ ಖಾಲಿ. ಕಾನೂನಿನ ಪ್ರಕಾರ ಬ್ಯಾಂಕಿನ ಅಧ್ಯಕ್ಷ ಅಥವಾ ಉಪಾಧ್ಯಕ್ಷ, ಜೊತೆಗೆ ಕ್ಯಾಷಿಯರ್ ಸಹಿ ಮಾಡಿದಾಗಲೇ ಅದು ನೋಟು. ದೊಡ್ಡ ಬ್ಯಾಂಕುಗಳು ಸಹಿಯನ್ನೂ ಅಚ್ಚು ಹಾಕಿಸಿದವು. ಕೆಲವು ರಬ್ಬರ್ ಮೊಹರು ಒತ್ತಿದವು. ಸಣ್ಣ ಊರಿನ ಕ್ಯಾಷಿಯರ್ ಮಾತ್ರ ಸಂಜೆ ಬಾಗಿಲು ಹಾಕಿಕೊಂಡು, ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು, ಒಂದಾದ ಮೇಲೊಂದಕ್ಕೆ ಲೇಖನಿಯಿಂದಲೇ ಸಹಿ ಹಾಕುತ್ತಿದ್ದ. ಶಾಯಿ ಒಣಗಿದ ಮೇಲೆ ಕತ್ತರಿ ಹಿಡಿದು ಕತ್ತರಿಸುತ್ತಿದ್ದ. ಆದ್ದರಿಂದಲೇ ಈ ನೋಟುಗಳ ಅಂಚು ಅನೇಕ ವೇಳೆ ಸೊಟ್ಟ. ನನ್ನದರ ಮೇಲಂಚು ಎಡದಿಂದ ಬಲಕ್ಕೆ ಬರುತ್ತ ಇಳಿಮುಖವಾಗಿದೆ. ಆ ಸಂಜೆ ಅವನಿಗೆ ಮನೆಗೆ ಹೋಗುವ ಆತುರವಿತ್ತೆಂದು ನನ್ನ ಊಹೆ.

ಸರ್ಕಾರ ಈ ನೋಟುಗಳ ಬೆನ್ನಿಗೆ ಇತಿಹಾಸ ಪಾಠವನ್ನೂ ಅಚ್ಚು ಹಾಕಿಸಿತ್ತು. ಮೊದಲ ಸರಣಿಯ ಐದು ಡಾಲರಿನ ಹಿಂಬದಿಯಲ್ಲಿ ಕೊಲಂಬಸ್ ನೆಲಕ್ಕಿಳಿಯುವ ಚಿತ್ರ, ಇಪ್ಪತ್ತರಲ್ಲಿ ಪೊಕಹಾಂಟಸ್‌ಳ ದೀಕ್ಷಾಸ್ನಾನ, ನೂರರಲ್ಲಿ ಸ್ವಾತಂತ್ರ್ಯ ಘೋಷಣೆ. ಎರಡು ಡಾಲರಿನ ನೋಟಿನಲ್ಲಿ ಎರಡರ ಅಂಕಿ ಅಡ್ಡಲಾಗಿ ಮಲಗಿದೆ. ಸಂಗ್ರಾಹಕರು ಅದನ್ನು ‘ಸೋಮಾರಿ ಎರಡು’ ಎಂದೇ ಕರೆಯುತ್ತಾರೆ. ಇವೆಲ್ಲ ಚೆಂದವೇ. ಆದರೆ ಬೆಲೆ ನಿರ್ಧರಿಸುವುದು ಚಿತ್ರವಲ್ಲ, ಊರು.

ಎಲ್ಲ ಪ್ರದೇಶಗಳಿಗೂ ಈ ಸೌಭಾಗ್ಯ ಸಮನಾಗಿ ಸಿಗಲಿಲ್ಲ ಎಂಬುದನ್ನು ಸಂಗ್ರಾಹಕರ ಉತ್ಸಾಹದಲ್ಲಿ ಮರೆಯಬಾರದು. ಒಟ್ಟು ನೋಟುಗಳಿಗೆ ಮೊದಲಲ್ಲಿ 30 ಕೋಟಿ ಡಾಲರಿನ ಮಿತಿಯಿತ್ತು. ಅದರ ಬಹುಭಾಗವನ್ನು ನ್ಯೂ ಇಂಗ್ಲೆಂಡ್ ಮತ್ತು ನ್ಯೂಯಾರ್ಕ್ ನುಂಗಿದವು. ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳಿಗೆ ಉಳಿದದ್ದು ಎಂಜಲು. ಇಂದು ದಕ್ಷಿಣದ ಸಣ್ಣ ಊರುಗಳ ಆ ಕಾಲದ ನೋಟು ಅಪರೂಪವೆಂದು ಹರಾಜಿನಲ್ಲಿ ಕೂಗುವಾಗ, ಆ ಅಪರೂಪದ ಹಿಂದೆ ಬಿತ್ತನೆಗೆ ಸಾಲ ಸಿಗದ ರೈತರ ಒಂದು ತಲೆಮಾರಿದೆ. 1875ರಲ್ಲಿ ಆ ಮಿತಿ ಹೋಯಿತು. ಹಳ್ಳಿಗಳ ಪಾಲಿಗೆ ನಿಜವಾಗಿ ಬಾಗಿಲು ತೆರೆದದ್ದು 1900ರ ಮಾರ್ಚ್ 14ರ ಕಾಯಿದೆ. ಮೂರು ಸಾವಿರ ಜನಸಂಖ್ಯೆ ಮೀರದ ಊರುಗಳಲ್ಲಿ 25 ಸಾವಿರ ಡಾಲರ್ ಬಂಡವಾಳವಿದ್ದರೆ ಸಾಕು, ಬ್ಯಾಂಕು ತೆರೆಯಬಹುದೆಂದು ಅದು ಹೇಳಿತು. ಬಾಂಡಿನ ಪೂರ್ತಿ ಮೌಲ್ಯಕ್ಕೆ ನೋಟು ಕೊಡುವುದೂ ಆಗಲೇ ಶುರು. ಮಧ್ಯಪಶ್ಚಿಮದ ಜೋಳದ ಬಯಲುಗಳಲ್ಲಿ ರೈಲು ನಿಂತಲ್ಲೆಲ್ಲ ಬ್ಯಾಂಕು ಎದ್ದಿತು. ನನ್ನ ನೋಟಿನ ಬ್ಯಾಂಕೂ ಅಂಥ ಒಂದು ಕೂಸು.

ಒಂದೊಂದು ಊರಿನ ಹೆಸರಿಗೂ ಒಂದೊಂದು ಕಥೆ. ಮಿನ್ನೆಸೋಟದ ನಾರ್ತ್‌ಫೀಲ್ಡ್ ಎಂಬ ಊರಿನ ಫಸ್ಟ್ ನ್ಯಾಷನಲ್ ಬ್ಯಾಂಕಿಗೆ 1876ರ ಸೆಪ್ಟೆಂಬರ್ 7ರಂದು ಜೆಸ್ಸಿ ಜೇಮ್ಸ್‌ನ ತಂಡ ನುಗ್ಗಿತು. ಕ್ಯಾಷಿಯರ್ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನ ನೋಡಲು ಹೋಗಿದ್ದ. ಅವನ ಬದಲು ಕುಳಿತಿದ್ದವನು ಲೆಕ್ಕಿಗ ಜೋಸೆಫ್ ಲೀ ಹೇವುಡ್. ತಿಜೋರಿ ತೆರೆಯೆಂದರೆ, ಅದಕ್ಕೆ ಗಡಿಯಾರದ ಬೀಗವಿದೆ, ಆಗದು ಎಂದ. ಕತ್ತಿಗೆ ಚಾಕು ಹಿಡಿದರು, ಹೊಡೆದರು, ಅವನು ತೆರೆಯಲಿಲ್ಲ. ಹೋಗುವಾಗ ಗುಂಡಿಟ್ಟು ಕೊಂದರು. ಅಷ್ಟರಲ್ಲಿ ಊರಿನವರು ಕೋವಿ ಹಿಡಿದು ಬೀದಿಗಿಳಿದಿದ್ದರು. ದರೋಡೆಕೋರರಿಗೆ ಸಿಕ್ಕಿದ್ದು ಇಪ್ಪತ್ತಾರು ಡಾಲರ್ ಚಿಲ್ಲರೆ. ತಿಜೋರಿಗೆ ಬೀಗವೇ ಬಿದ್ದಿರಲಿಲ್ಲ, ಬಾಗಿಲು ಬರಿದೆ ಮುಚ್ಚಿತ್ತು ಅಷ್ಟೇ. ಆ ಊರು ಇಂದಿಗೂ ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಹಬ್ಬ ಮಾಡುತ್ತದೆ; ಹಬ್ಬದ ಹೆಸರಿನಲ್ಲಿರುವುದು ಮಾತ್ರ ಸೋತ ದರೋಡೆಕೋರ, ಹೇವುಡ್ ಅಲ್ಲ.

ಅಯೋವಾದ ಮೇರಿಯನ್ ಎಂಬ ಊರಿನ ಬ್ಯಾಂಕಿಗೆ 1883ರಲ್ಲಿ ಲೂಯಿಸಾ ಸ್ಟೀವನ್ಸ್ ಎಂಬ ಮಹಿಳೆ ಗಂಡನ ಮರಣಾನಂತರ ಅಧ್ಯಕ್ಷೆಯಾದಳು. ರಾಷ್ಟ್ರೀಯ ಬ್ಯಾಂಕೊಂದಕ್ಕೆ ಅಧ್ಯಕ್ಷೆಯಾದ ಮೊದಲ ಹೆಣ್ಣು ಆಕೆ. ಅಮೆರಿಕದ ಹೆಣ್ಣುಮಕ್ಕಳಿಗೆ ದೇಶಾದ್ಯಂತ ಮತದಾನದ ಹಕ್ಕು ಸಿಗಲು ಇನ್ನೂ ಮೂವತ್ತೇಳು ವರ್ಷ ಬಾಕಿಯಿತ್ತು. ಮತಪತ್ರ ಮುಟ್ಟಲಾಗದ ಕೈಗೆ ದೇಶದ ನೋಟಿಗೆ ಸಹಿ ಮಾಡುವ ಅಧಿಕಾರವಿತ್ತು!

ಇನ್ನು ಅಪರೂಪದ ಲೆಕ್ಕ. ಸವೆದ ನೋಟು ವಾಷಿಂಗ್ಟನ್ನಿಗೆ ಮರಳಿ ಅಲ್ಲಿ ನಾಶವಾಗಬೇಕು, ಅದರ ಬದಲು ಹೊಸದು ಬರಬೇಕು, ಇದು ನಿಯಮ. ಆದ್ದರಿಂದ ಉಳಿದದ್ದೆಲ್ಲ ನಿಯಮದಿಂದ ತಪ್ಪಿಸಿಕೊಂಡದ್ದು. ಬ್ಯಾಂಕಿನ ಮೊದಲ ಹಾಳೆಯ ನೋಟನ್ನು ಅಧ್ಯಕ್ಷನ ಮನೆಯವರು ನೆನಪಿಗೆಂದು ಎತ್ತಿಟ್ಟಿರಬಹುದು. ಯಾರೋ ಅಜ್ಜಿ ಬೈಬಲಿನ ಪುಟಗಳ ನಡುವೆ ಮರೆತಿರಬಹುದು. ಕೆಲವು ಊರುಗಳದು ಐವತ್ತು ನೋಟು ಸಿಕ್ಕಿವೆ, ಕೆಲವದು ಒಂದೇ ಒಂದು. ಇನ್ನು ಕೆಲವು ಬ್ಯಾಂಕುಗಳು ನೋಟು ಹೊರಡಿಸಿದ್ದಕ್ಕೆ ದಾಖಲೆಯಿದೆ, ನೋಟು ಮಾತ್ರ ಈವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಸಂಗ್ರಾಹಕರ ನಿದ್ದೆ ಕೆಡಿಸುವುದು ಈ ಕಡೆಯ ವರ್ಗ.

ದಾಖಲೆಯಿದೆ ಎಂದೆನಲ್ಲ, ಅದಕ್ಕಾಗಿ ನಾನು ಟೋಪಿ ತೆಗೆದು ನಮಸ್ಕರಿಸುವುದು ವಾಷಿಂಗ್ಟನ್ನಿನ ಅನಾಮಧೇಯ ಗುಮಾಸ್ತರಿಗೆ. ಯಾವ ಬ್ಯಾಂಕಿಗೆ ಯಾವ ದಿನ, ಯಾವ ಬೆಲೆಯ ಎಷ್ಟು ಹಾಳೆ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಕಳಿಸಲಾಯಿತು ಎಂಬುದನ್ನು ಕರೆನ್ಸಿ ಕಂಟ್ರೋಲರ್ ಕಚೇರಿಯವರು ಎಪ್ಪತ್ತು ವರ್ಷ ಲೆಡ್ಜರುಗಳಲ್ಲಿ ಬರೆದಿಟ್ಟರು. ಆ ಲೆಡ್ಜರುಗಳು ರಾಷ್ಟ್ರೀಯ ಪತ್ರಾಗಾರ ಸೇರಿದವು. ಅಯೋವಾದವರೇ ಆದ ಜಾನ್ ಹಿಕ್‌ಮನ್ ಮತ್ತು ಡೀನ್ ಓಕ್ಸ್ 1982ರಲ್ಲಿ ಪ್ರಕಟಿಸಿದ ಬೃಹತ್ ಸೂಚಿಯಂಥ ಕೃತಿಗಳೆಲ್ಲ ನಿಂತಿರುವುದು ಆ ಲೆಡ್ಜರುಗಳ ಮೇಲೆ. ಅಯೋವಾದ ಒಕೊಬೊಜಿ ಎಂಬ ಊರಿನಲ್ಲಿ ಈ ನೋಟುಗಳಿಗೆಂದೇ ಮೀಸಲಾದ ಹಿಗ್ಗಿನ್ಸ್ ವಸ್ತುಸಂಗ್ರಹಾಲಯ ಕಟ್ಟಿದರು. ಕಂಟ್ರೋಲರನ ವಾರ್ಷಿಕ ವರದಿಗಳಲ್ಲಿ ಪ್ರತಿ ಬ್ಯಾಂಕಿನ ಅಧ್ಯಕ್ಷ, ಕ್ಯಾಷಿಯರರ ಹೆಸರುಗಳು ಅಚ್ಚಾಗುತ್ತಿದ್ದುದರಿಂದ, ಮಾಸಿದ ಸಹಿಯನ್ನು ಓದಿ ವರ್ಷ ಗುರುತಿಸುವುದು ಸಾಧ್ಯ. ನಾನೂ ದಿನವಿಡೀ ಬರೆಯುವ ಟಿಪ್ಪಣಿಗಳನ್ನು ನೂರು ವರ್ಷದ ನಂತರ ಯಾವನಾದರೂ ಹುಚ್ಚ ಪ್ರೀತಿಯಿಂದ ಓದಿಯಾನು ಎಂಬ ಆಸೆ ಒಮ್ಮೊಮ್ಮೆ ಸುಳಿಯುತ್ತದೆ. ಟಿಪ್ಪಣಿಗಳ ಗುಣಮಟ್ಟ ನೋಡಿದರೆ ಹೋಗುತ್ತದೆ.

ವಂಚನೆಯೂ ಇದೆ. ನೇರಳೆ ಮೊಹರಿನ ಸಹಿಗಳು ಬೇಗ ಅಳಿಸಿಹೋಗುತ್ತವೆ. ಸಹಿಯಿಲ್ಲದ ನೋಟಿಗೆ ಬೆಲೆ ಕಡಿಮೆ. ಹಾಗಾಗಿ ಅಳಿದ ಸಹಿಯ ಮೇಲೆ ಹೊಸ ಶಾಯಿ ತಿದ್ದುವವರಿದ್ದಾರೆ. ಮೆಲ್ವಿಲ್‌ನ ಮುದುಕ ದೀಪದ ಕೆಳಗೆ ಇನ್ನೂ ಕುಳಿತೇ ಇದ್ದಾನೆ.

ಇಂಗ್ಲೆಂಡಿನಲ್ಲೂ ಸಣ್ಣ ಊರುಗಳ ಬ್ಯಾಂಕುಗಳು ನೋಟು ಹೊರಡಿಸುತ್ತಿದ್ದವು. ಜೇನ್ ಆಸ್ಟೆನ್‌ಳ ಅಣ್ಣ ಹೆನ್ರಿ ಆಲ್ಟನ್ ಎಂಬ ಊರಿನ ಬ್ಯಾಂಕಿನಲ್ಲಿ ಪಾಲುದಾರ. ಅವನ ಬ್ಯಾಂಕುಗಳು ಬಿದ್ದು 1816ರಲ್ಲಿ ಅವನು ದಿವಾಳಿಯಾದಾಗ ಬಂಧುಗಳೂ ಹಣ ಕಳೆದುಕೊಂಡರು. ಸಾಮರ್‌ಸೆಟ್‌ನ ವೆಲಿಂಗ್ಟನ್ ಊರಿನ ‘ಫಾಕ್ಸ್ ಫೌಲರ್’ 1921ರಲ್ಲಿ ದೊಡ್ಡ ಬ್ಯಾಂಕೊಂದರಲ್ಲಿ ವಿಲೀನವಾದಾಗ ಅಲ್ಲಿನ ಊರ ನೋಟುಗಳ ಕಥೆ ಮುಗಿಯಿತು. ಅಲ್ಲಿ ಬ್ಯಾಂಕು ಬಿದ್ದರೆ ನೋಟೂ ಬೀಳುತ್ತಿತ್ತು. ಅಮೆರಿಕದ ಕಥೆ ಬೇರೆ, ಅದರಲ್ಲಿರುವ ಕ್ರೌರ್ಯವೂ ಬೇರೆ.

ಮೊದಲ ಮಹಾಯುದ್ಧ ಮುಗಿದ ಮೇಲೆ ಧಾನ್ಯದ ಬೆಲೆ ಕುಸಿಯಿತು. ಯುದ್ಧಕಾಲದ ಏರುಬೆಲೆ ನಂಬಿ ಸಾಲ ಮಾಡಿ ಜಮೀನು ಕೊಂಡಿದ್ದ ರೈತರು ತೀರಿಸಲಾರದೆ ಹೋದರು. ಅವರ ಜೊತೆ ಅಯೋವಾದ ಹಳ್ಳಿಗಳ ಬ್ಯಾಂಕುಗಳೂ 1920ರ ದಶಕದಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ನನ್ನ ನೋಟಿನ ಬ್ಯಾಂಕೂ ಅವುಗಳಲ್ಲೊಂದು. ಬಾಗಿಲು ಹಾಕಿದ ದಿನ ಆ ಊರಿನ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬ ಹಿಂದಿನ ದಿನವಷ್ಟೇ ಹತ್ತು ಡಾಲರನ್ನು ಆ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಾನೆ. ಇನ್ನೊಬ್ಬನ ಜೇಬಿನಲ್ಲಿ ಅದೇ ಬ್ಯಾಂಕಿನ ಹತ್ತು ಡಾಲರಿನ ನೋಟಿದೆ. ನೋಟಿನವನಿಗೆ ಒಂದು ಸೆಂಟ್ ನಷ್ಟವಿಲ್ಲ, ಸರ್ಕಾರ ಹೊಣೆ. ಠೇವಣಿದಾರ ಮಾತ್ರ ರಿಸೀವರನ ಮುಂದೆ ಸಾಲುಗಟ್ಟಿ, ವರ್ಷಗಟ್ಟಲೆ ಕಾದು, ಕೊಟ್ಟಷ್ಟು ಪಡೆಯಬೇಕು. ಎರಡು ಕಾಗದಗಳ ಮೇಲೂ ಅದೇ ಕ್ಯಾಷಿಯರನ ಸಹಿ. ಊರಿನವರು ನಂಬಿದ್ದು ಆ ಸಹಿಯನ್ನು. ಉಳಿದದ್ದು ವಾಷಿಂಗ್ಟನ್ನಿನ ಮೊಹರು. ಠೇವಣಿಗೆ ಸರ್ಕಾರಿ ವಿಮೆ ಬಂದದ್ದು 1933ರ ಮಹಾಕುಸಿತದ ನಂತರ. 1935ರಲ್ಲಿ ನೋಟುಗಳಿಗೆ ಆಧಾರವಾಗಿದ್ದ ಬಾಂಡುಗಳನ್ನು ಸರ್ಕಾರ ಹಿಂಪಡೆಯಿತು. ಊರ ಹೆಸರುಗಳು ಡಾಲರಿನಿಂದ ಅಲ್ಲಿಗೆ ಅಳಿದವು.

ನಮ್ಮಲ್ಲಿ ಉಡುಪಿಯ ಹೆಸರಿನ ಒಂದು ನೋಟು ಏಕಿಲ್ಲ ಎಂಬ ಪ್ರಶ್ನೆ ನನ್ನನ್ನು ಕಾಡಿದ್ದುಂಟು. ಉತ್ತರ ಸರಳ. ಅಮೆರಿಕ ಊರ ಬ್ಯಾಂಕುಗಳಿಗೆ ಈ ಹಕ್ಕು ಕೊಡುವ ಎರಡು ವರ್ಷ ಮುಂಚೆ, 1861ರ ಕಾಗದ ಕರೆನ್ಸಿ ಕಾಯಿದೆಯ ಮೂಲಕ, ಬ್ರಿಟಿಷ್ ಸರ್ಕಾರ ಇಲ್ಲಿ ಬಂಗಾಳ, ಮುಂಬಯಿ, ಮದ್ರಾಸು ಪ್ರೆಸಿಡೆನ್ಸಿ ಬ್ಯಾಂಕುಗಳಿಂದಲೂ ಅದನ್ನು ಕಿತ್ತುಕೊಂಡಿತ್ತು. ದಕ್ಷಿಣ ಕನ್ನಡದ ಬ್ಯಾಂಕುಗಳು ಹುಟ್ಟಿದ್ದು ಅದಾದ ಎಷ್ಟೋ ಕಾಲಕ್ಕೆ: 1906ರಲ್ಲಿ ಉಡುಪಿಯ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್, 1925ರಲ್ಲಿ ಅಲ್ಲಿಯದೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನ ವಿಜಯಾ. ನೋಟು ಹೊರಡಿಸಲಾಗದಿದ್ದರೂ, 1928ರಿಂದ ಸಿಂಡಿಕೇಟಿನವರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಪಿಗ್ಮಿ ಎತ್ತಿದರು. ಅದೂ ಒಂದು ಬಗೆಯ ಊರ ನೋಟೇ. ಅದರ ಮೇಲೂ ಗುರುತಿನ ಒಬ್ಬನ ಸಹಿ. ವಿಜಯಾ 2019ರ ಏಪ್ರಿಲ್ 1ರಂದು, ಉಳಿದೆರಡು ಮರುವರ್ಷ ಅದೇ ದಿನ, ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಪುಣೆಯಲ್ಲಿ ನಮ್ಮ ಮನೆಯ ಹತ್ತಿರದ ಶಾಖೆಯ ಫಲಕ ಇಳಿಸಿದ ದಿನ ನಾನು ರಸ್ತೆಯ ಆಚೆ ಬದಿ ಒಂದಷ್ಟು ಹೊತ್ತು ನಿಂತಿದ್ದೆ. ಮರಾಠಿ ಊರಿನಲ್ಲಿ ನನ್ನ ಜಿಲ್ಲೆಯಿಂದ ಬಂದ ಹೆಸರು ಅದೊಂದೇ ಇತ್ತು.

ಈ ಮೂರರಲ್ಲೊಂದರಲ್ಲಿ ಅಪ್ಪ ಮೂವತ್ತಮೂರು ವರ್ಷ ಗುಮಾಸ್ತರಾಗಿದ್ದರು. ಕಳೆದ ದೀಪಾವಳಿಗೆ ಕುಂದಾಪುರದಿಂದ ಪುಣೆಗೆ ಬಂದಾಗ ಈ ನೋಟನ್ನು ಅವರ ಕೈಗಿಟ್ಟೆ. ಚಿತ್ರ, ಮೊಹರು, ಊರಿನ ಹೆಸರು ಯಾವುದನ್ನೂ ಅವರು ಗಮನಿಸಲಿಲ್ಲ. ಕನ್ನಡಕ ಹಣೆಗೇರಿಸಿ, ನೋಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಕ್ಯಾಷಿಯರನ ಸಹಿಯನ್ನೇ ನೋಡಿದರು.

“ಇದು ದಿನಕ್ಕೆ ಇನ್ನೂರು ಸಹಿ ಹಾಕಿದವನ ಕೈ ಮಾರಾಯ. ಕಡೇ ಅಕ್ಷರ ನುಂಗಿದ್ದಾನೆ ನೋಡು,” ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಬ್ಯಾಂಕು ಮುಚ್ಚಿದ ಮೇಲೆ ಇವನು ಅದೇ ಊರಲ್ಲೇ ಇದ್ನಾ?”

ವಾರ್ಷಿಕ ವರದಿಗಳಲ್ಲಿ ಅವನ ಹೆಸರು ಬ್ಯಾಂಕು ಮುಚ್ಚುವ ವರ್ಷದವರೆಗೆ ಇದೆ.